ನಳದ ಲೆಕ್ಕ, ಸೊಳ್ಳೆಯ ಲೆಕ್ಕ

ಗದಗ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಇದಕ್ಕಿಂತ ಎಷ್ಟೋ ಹೆಚ್ಚು ಸುರಿಯುತ್ತದೆ. ಎರೆ ಹೊಲ, ರಣಬಿಸಿಲು, ಕಪ್ಪತಗುಡ್ಡದ ಮೇಲೆ ಬಿಡುವಿಲ್ಲದೆ ತಿರುಗುವ ಗಾಳಿಯಂತ್ರಗಳು: ಈ ಸೀಮೆಯನ್ನು ನೋಡಿದವರಿಗೆ ಸೊಳ್ಳೆ ನೆನಪಾಗುವುದಿಲ್ಲ. ಆದರೂ ಮುಂಗಾರು ಕಾಲಿಟ್ಟ ಕೆಲವೇ ವಾರಗಳಲ್ಲಿ ಗದಗ-ಬೆಟಗೇರಿಯ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯ ಮಾತು ಶುರುವಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಜ್ವರದ ಮಕ್ಕಳನ್ನು ಎತ್ತಿಕೊಂಡು ಬಂದವರು ಔಷಧದ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಾರೆ.

ನೀರಿಲ್ಲದ ನಾಡಿಗೆ ನೀರಿನಲ್ಲಿ ಹುಟ್ಟುವ ರೋಗವಾಹಕ ಹೇಗೆ ಬಂತು? ಉತ್ತರ ಓಣಿಗಳಲ್ಲೇ ಇದೆ. ಬೆಟಗೇರಿಯ ನೇಕಾರರ ಓಣಿಗಳಲ್ಲಿ ನಡೆದರೆ ಮನೆಯ ಮುಂದೆ, ಪಡಸಾಲೆಯಲ್ಲಿ, ಬಚ್ಚಲ ಪಕ್ಕದಲ್ಲಿ, ಜಿನೆಯ ಕೆಳಗೆ ನೀರು ತುಂಬಿಟ್ಟ ಪಾತ್ರೆಗಳೇ. ನೀಲಿ ಪ್ಲಾಸ್ಟಿಕ್ ಬ್ಯಾರಲ್, ಸಿಮೆಂಟಿನ ಹೌದ, ಕಲ್ಲಿನ ದೋಣಿ, ತಾಮ್ರದ ಹಂಡೆ, ಸಿಂಟೆಕ್ಸ್, ಸಾಲಾಗಿ ಜೋಡಿಸಿದ ಕೊಡಗಳು. ಅವಳಿ ನಗರಕ್ಕೆ ಕುಡಿಯುವ ನೀರು ಬರುವುದು ತುಂಗಭದ್ರೆಯಿಂದ, ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನಿಂದ. 2011ರ ಜನಗಣತಿಯ ವೇಳೆಗೇ 1.72 ಲಕ್ಷ ಜನರಿದ್ದ ಊರಿಗೆ ಆ ನೀರು ಕೊಳವೆಯಲ್ಲಿ ಬರುವುದು ಎಂಟು ದಿನಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಬೇಸಿಗೆಯಲ್ಲಿ ಮೋಟಾರು ಸುಟ್ಟಿತು, ಪೈಪು ಒಡೆಯಿತು ಎಂದರೆ ಇಪ್ಪತ್ತು ದಿನವೂ ಆದೀತು. ‘ನಳ ಯಾವಾಗ ಬರ್ತೈತಿ?’ ಎಂಬ ಪ್ರಶ್ನೆ ಇಲ್ಲಿ ಕ್ಷೇಮ ಸಮಾಚಾರದಷ್ಟೇ ಸಾಮಾನ್ಯ. ನಳ ಬಂದ ದಿನ ಮನೆಮಂದಿ ಕೂಲಿ ಬಿಟ್ಟು, ನಿದ್ದೆ ಬಿಟ್ಟು, ಮನೆಯಲ್ಲಿರುವ ಪಾತ್ರೆಗಳನ್ನೆಲ್ಲ ತುಂಬಿಡುತ್ತಾರೆ. ತುಂಬಿಡದೆ ಬದುಕು ನಡೆಯುವುದಿಲ್ಲ.

ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಮೂರನ್ನೂ ಹೊತ್ತು ತಿರುಗುವ ಈ ಸೊಳ್ಳೆಗೆ ಗಟಾರದ ಕೊಳಚೆ ರುಚಿಸದು. ತಿಳಿನೀರು ಬೇಕು, ನೆರಳು ಬೇಕು, ಹತ್ತಿರದಲ್ಲೇ ಮನುಷ್ಯರಿರಬೇಕು. ಹೆಣ್ಣು ಸೊಳ್ಳೆ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ಕೊಂಚ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ನೀರು ಏರಿ ಅವನ್ನು ಮುಟ್ಟಿದಾಗ ಮರಿ ಹೊರಬರುತ್ತದೆ. ನಮ್ಮ ಕಡೆಯ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಈಗ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಳ ಬರುವುದು ಎಂಟರಿಂದ ಹದಿನೈದು ದಿನಕ್ಕೊಮ್ಮೆ, ಸೊಳ್ಳೆ ಹುಟ್ಟುವುದು ಏಳರಿಂದ ಹತ್ತು ದಿನಕ್ಕೆ. ಒಮ್ಮೆ ತುಂಬಿಟ್ಟ ಬ್ಯಾರಲ್ಲು ಬರಿದಾಗುವ ಮೊದಲೇ ಬಹಳ ಸಲ ಒಂದು ತಲೆಮಾರಿನ ಸೊಳ್ಳೆ ಅದರಿಂದ ಎದ್ದು ಹೋಗಿರುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರಲ್ಲಿ ಈ ಅವಕಾಶ ಅದಕ್ಕೆ ಸಿಗುವುದಿಲ್ಲ. ಗದಗ-ಬೆಟಗೇರಿಯ ಡೆಂಗಿಯ ಮೂಲವನ್ನು ಆಕಾಶದಲ್ಲಿ ಹುಡುಕುವುದಕ್ಕಿಂತ ನಗರಸಭೆಯ ನೀರು ಬಿಡುವ ವೇಳಾಪಟ್ಟಿಯಲ್ಲಿ ಹುಡುಕುವುದು ಮೇಲು.

ಇದು ಗದಗಿನ ಕಥೆ ಮಾತ್ರವಲ್ಲ. ಬ್ರೆಜಿಲ್‌ನಲ್ಲಿ 2001ರಿಂದ 2019ರವರೆಗಿನ ಡೆಂಗಿ ಮತ್ತು ಹವಾಮಾನದ ಅಂಕಿಗಳನ್ನು ಜೋಡಿಸಿ ನೋಡಿದ ಸಂಶೋಧಕರಿಗೆ ಒಂದು ವಿಚಿತ್ರ ಕಂಡಿತು. ಅತಿ ಮಳೆಯಾದಾಗ ಮೂರು ತಿಂಗಳೊಳಗೆ ಡೆಂಗಿ ಏರುವುದು ನಿರೀಕ್ಷಿತವೇ. ಆದರೆ ತೀವ್ರ ಬರ ಬಿದ್ದ ಮೂರರಿಂದ ಐದು ತಿಂಗಳ ನಂತರವೂ ಅದು ಏರುತ್ತಿತ್ತು. ನೀರು ಪೂರೈಕೆ ಪದೇ ಪದೇ ಕೈಕೊಡುವ ಕಡೆಗಳಲ್ಲಿ ಬರದ ಈ ಪರಿಣಾಮ ಇನ್ನೂ ಜೋರಾಗಿತ್ತು. ಬರ ಬಂದರೆ ಜನ ನೀರು ಕೂಡಿಡುತ್ತಾರೆ, ಕೂಡಿಟ್ಟ ನೀರಿಗೆ ಈಡಿಸ್ ಬರುತ್ತದೆ. ಕರ್ನಾಟಕ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದು 2023ರಲ್ಲಿ. ಮರುವರ್ಷ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾಗಿದ್ದವು. ಎರಡರ ನಡುವೆ ನೇರ ಗೆರೆ ಎಳೆಯುವುದು ಆತುರವಾದೀತು. ಆ ಪ್ರಕರಣಗಳಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಆದರೆ ಬರದ ವರ್ಷ ಬಯಲುಸೀಮೆಯ ಆರೋಗ್ಯ ಇಲಾಖೆಗೆ ಬಿಡುವಿನ ವರ್ಷ ಎಂದು ಇನ್ನು ಯಾರೂ ಭಾವಿಸುವಂತಿಲ್ಲ.

ಜ್ವರ ಹಬ್ಬಿದ ಮೇಲೆ ಎಲ್ಲ ಊರಲ್ಲೂ ಏಳುವ ಮೊದಲ ಕೂಗು ‘ಹೊಗಿ ಹೊಡೀರಿ’ ಎಂಬುದು. ಸಂಜೆ ಹೊತ್ತು ಫಾಗಿಂಗ್ ಯಂತ್ರ ಗುಡುಗುಡು ಸದ್ದು ಮಾಡುತ್ತ ಓಣಿ ಹೊಕ್ಕರೆ ಮಕ್ಕಳು ಹಿಂದೆ ಓಡುತ್ತಾರೆ, ವಾರ್ಡಿನ ಸದಸ್ಯರು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಗೆ ತಾಗಿದ ಹಾರುವ ಸೊಳ್ಳೆ ಸಾಯುತ್ತದೆ, ನಿಜ. ಪಡಸಾಲೆಯ ಕತ್ತಲಲ್ಲಿ, ಮಂಚದ ಕೆಳಗೆ, ಗೂಟಕ್ಕೆ ತೂಗುಹಾಕಿದ ಬಟ್ಟೆಯ ಹಿಂದೆ ಕೂತ ಈಡಿಸ್ ಬಹಳಷ್ಟು ಬದುಕಿಕೊಳ್ಳುತ್ತದೆ. ಬ್ಯಾರಲ್ಲಿನ ಮರಿಗಂತೂ ಹೊಗೆ ಬಂದದ್ದೇ ತಿಳಿಯದು. ನಾಲ್ಕು ದಿನ ಬಿಟ್ಟರೆ ಓಣಿ ಮೊದಲಿನಂತೆ. ರೋಗ ಭುಗಿಲೆದ್ದ ಓಣಿಯಲ್ಲಿ ಫಾಗಿಂಗ್‌ಗೆ ಒಂದು ಜಾಗ ಇದೆ, ಇಲ್ಲವೆನ್ನಲಾಗದು. ಆದರೆ ಮುಂಜಾಗ್ರತೆಯ ಹೆಸರಿನಲ್ಲಿ ಹಾಕುವ ಹೊಗೆಯಲ್ಲಿ ಮುಂಜಾಗ್ರತೆಗಿಂತ ಪ್ರದರ್ಶನವೇ ಜಾಸ್ತಿ.

ಬೆಟಗೇರಿಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಬೆಳಗಿನ ಕೆಲವು ತಾಸು, ಸಂಜೆ ಕತ್ತಲಾಗುವ ಮೊದಲಿನ ಕೆಲವು ತಾಸು ಅದರ ಹೊತ್ತು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನ ಕಾಲ್ಗಂಟು ಆ ಹೊತ್ತಿಗೆ ನೆರಳಲ್ಲೇ ಇರುತ್ತದೆ. ರಾತ್ರಿ ಕಟ್ಟುವ ಸೊಳ್ಳೆಪರದೆ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಹಗಲು ಮಲಗುವ ಕೂಸಿಗೆ, ಜ್ವರ ಬಂದು ಮಲಗಿದವರಿಗೆ ಮಾತ್ರ ಅದು ಬೇಕೇ ಬೇಕು. ಜ್ವರದ ಮೊದಲ ನಾಲ್ಕೈದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದಿನ ಮನೆಗೆ ರೋಗ ಒಯ್ಯುತ್ತದೆ.

ನೀರಿನ ತೊಟ್ಟಿ ಬರಿದು ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬ ಅರಿವು ಕರ್ನಾಟಕದಲ್ಲೇ ಒಬ್ಬರಿಗೆ ಹೊಳೆದು 140 ವರ್ಷ ದಾಟಿತು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ಯುವಕ ರೊನಾಲ್ಡ್ ರಾಸ್ ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ತಡೆಯಲಾರದೆ ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿ ಮಗುಚಿದ, ಕಾಟ ಇಳಿಯಿತು. ಉಳಿದ ಕಡೆಯ ತೊಟ್ಟಿಗಳನ್ನೂ ಬರಿದು ಮಾಡಿಸೋಣ ಎಂದು ಮೇಲಧಿಕಾರಿಯ ಬಳಿ ಹೋದರೆ, ನಿಸರ್ಗದ ಕ್ರಮ ಕೆಡಿಸಬಾರದು ಎಂದು ಆತ ಒಪ್ಪಲಿಲ್ಲವಂತೆ. ಹೀಗೆಂದು ರಾಸ್ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡು ಅವನು ಹೆಸರಾದದ್ದು ಹದಿನಾಲ್ಕು ವರ್ಷದ ನಂತರ, 1897ರಲ್ಲಿ. ಮೇಲಧಿಕಾರಿಯ ವಾದ ಇವತ್ತು ಬೇರೆ ರೂಪದಲ್ಲಿ ಕೇಳಿಬರುತ್ತದೆ: ಒಂದು ಬ್ಯಾರಲ್ಲಿನಿಂದ ಏನಾದೀತು?

ಏನಾದೀತು ಎಂಬುದಕ್ಕೆ 2006 ಸಾಕ್ಷಿ. ಆ ವರ್ಷ ಚಿಕುನ್‌ಗುನ್ಯಾ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತರನ್ನು ಮಲಗಿಸಿತು. ಅದರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು, ಅಂದರೆ ಅರ್ಧಕ್ಕಿಂತ ಹೆಚ್ಚು, ಕರ್ನಾಟಕದ್ದೇ. ಬಿತ್ತನೆಯ ಹಂಗಾಮಿನಲ್ಲಿ ಇಡೀ ಮನೆಗಳು ಕೀಲುನೋವಿನಿಂದ ನೆಲ ಹಿಡಿದವು. ಕುಂಟೆ ಹಿಡಿಯಲು ಆಗದವರು, ನೀರಿನ ಕೊಡ ಎತ್ತಲು ಆಗದವರು, ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರು ಬಯಲುಸೀಮೆಯ ಊರೂರಲ್ಲಿದ್ದರು. ಆಗ ಯಾವ ಹೊಸ ಸೊಳ್ಳೆಯೂ ಹೊರಗಿನಿಂದ ಬಂದಿರಲಿಲ್ಲ. ಹೌದಗಳಲ್ಲಿ ಅದು ಮೊದಲಿನಿಂದಲೂ ಇತ್ತು, ವೈರಸ್ ಮಾತ್ರ ಹೊಸದಾಗಿ ಬಂತು.

ಈ ಸಂಗತಿಯೇ ತಡೆಗಟ್ಟುವಿಕೆಯ ನಿಜವಾದ ತಳಹದಿ. ವೈರಸ್ ಯಾವತ್ತು ಬರುತ್ತದೆ ಎಂದು ಹೇಳಲಾಗದು. ಬೆಂಗಳೂರು ಬಸ್ಸಿನಲ್ಲಿ, ಗೋವಾಕ್ಕೆ ದುಡಿಯಲು ಹೋಗಿ ಬಂದವರ ಮೈಯಲ್ಲಿ, ಯಾವಾಗ ಬೇಕಾದರೂ ಬಂದೀತು. ಬಂದದ್ದಕ್ಕೆ ಇಳಿಯಲು ತಾಣ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಮುಂಚೆಯೇ ಅಳೆಯಬಹುದು. ಬೇಕಾದದ್ದು ಒಂದು ಬ್ಯಾಟರಿ, ಒಂದು ರಿಜಿಸ್ಟರು. ಆಶಾ ಕಾರ್ಯಕರ್ತೆ ಮನೆಗೆ ಬಂದು ಬ್ಯಾರಲ್ಲಿನ ಮುಚ್ಚಳ ಎತ್ತಿ ಬೆಳಕು ಬಿಡುತ್ತಾಳೆ. ಮರಿಗಳಿದ್ದರೆ ಕೊಂಕುತ್ತ ತಳಕ್ಕೆ ಇಳಿಯುತ್ತವೆ. ನೂರು ಮನೆಯಲ್ಲಿ ಎಷ್ಟು ಮನೆಗೆ ಮರಿ ಸಿಕ್ಕಿತು ಎಂಬುದು ಒಂದು ಸೂಚ್ಯಂಕ. ನೂರು ಮನೆಗೆ ಮರಿ ಇರುವ ಪಾತ್ರೆ ಎಷ್ಟು ಎಂಬುದು ಇನ್ನೊಂದು, ಬ್ರೆಟೋ ಸೂಚ್ಯಂಕ. ಎರಡನೆಯದೇ ಹೆಚ್ಚು ಹೇಳುತ್ತದೆ, ಏಕೆಂದರೆ ಒಂದೇ ಮನೆಯಲ್ಲಿ ಐದು ಪಾತ್ರೆ ಇದ್ದೀತು.

ಈ ರಿಜಿಸ್ಟರನ್ನು ತುಂಬುವವಳ ಸ್ಥಿತಿಯನ್ನೂ ನೋಡಬೇಕು. ಬಸುರಿ-ಬಾಣಂತಿಯರ ಪಟ್ಟಿ, ಲಸಿಕೆಯ ದಿನ, ಕ್ಷಯರೋಗದ ಗುಳಿಗೆ, ಇವೆಲ್ಲದರ ನಡುವೆ ಅವಳಿಗೆ ಲಾರ್ವಾ ಸರ್ವೆ. ನೀರು ಚೆಲ್ಲಿ ಎಂದು ಅವಳು ಯಾವ ಬಾಯಿಂದ ಹೇಳಬೇಕು? ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಒಣಗಿಸಿ ಎಂಬುದು ಪುಸ್ತಕದ ಸಲಹೆ. ನಳ ಬಂದು ಏಳೇ ದಿನವಾಗಿದೆ, ಇನ್ನೂ ಎಂಟು ದಿನ ಇದೇ ನೀರಲ್ಲಿ ಕಳೆಯಬೇಕು ಎಂಬ ಮನೆಯಾಕೆಗೆ ಆ ಸಲಹೆ ಹಾಸ್ಯದಂತೆ ಕೇಳುತ್ತದೆ. ಚೆಲ್ಲಲು ಆಗದ ನೀರಿಗೆ ಟೆಮಿಫಾಸ್ ದ್ರಾವಣ ಹಾಕುವುದುಂಟು. ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಬೆರೆಸಿದರೆ ಕುಡಿಯುವ ನೀರಿಗೂ ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ, ಅದರ ವಾಸನೆಗೆ ಮೂಗು ಮುರಿಯುವವರೇ ಹೆಚ್ಚು. ಮುಂಡರಗಿ ಸೀಮೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹೊಳೆಯ ನೀರೆಂದರೆ ಅಲ್ಲಿ ಪ್ರಸಾದ. ಅದಕ್ಕೆ ಔಷಧ ಹಾಕಗೊಡುವುದು ಸುಲಭವಲ್ಲ.

2024ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಗಳ ಕಾನೂನಿನಡಿ ತಂದು ದಂಡ ಗೊತ್ತುಮಾಡಿತು. ಸೊಳ್ಳೆಮರಿ ಸಿಕ್ಕರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200; ಅಂಗಡಿ, ಹೋಟೆಲು, ಕಚೇರಿಗಳಿಗೆ ಸಾವಿರ ಮತ್ತು ಐನೂರು; ಕಟ್ಟಡ ಕಟ್ಟುವ ಜಾಗಕ್ಕೆ ಎರಡು ಸಾವಿರ ಮತ್ತು ಒಂದು ಸಾವಿರ. ಕಟ್ಟಡದ ಗುತ್ತಿಗೆದಾರರಿಗೆ, ಟೈರು ಪೇರಿಸಿಟ್ಟ ಗ್ಯಾರೇಜಿಗೆ ಈ ಭಯ ಬೇಕಾದದ್ದೇ. ಆದರೆ ಹದಿನೈದು ದಿನಕ್ಕೊಮ್ಮೆ ನೀರು ಬಿಡುವ ನಗರಸಭೆಯ ನೌಕರ, ಅದೇ ನೀರು ಕೂಡಿಟ್ಟ ಮನೆಗೆ ರಸೀದಿ ಹರಿಯುವ ದೃಶ್ಯ ನ್ಯಾಯವಾಗಿ ಕಾಣುವುದಿಲ್ಲ. ನೀರು ಬಿಡುವ ಅಂತರ ಏಳು ದಿನ ಮೀರಿದರೆ ಯಾರಿಗೆ ದಂಡ ಎಂಬ ಕಲಮು ಆ ನಿಯಮದಲ್ಲಿ ಇಲ್ಲ.

ಹಾಗಾದರೆ ನೀರು ಕೂಡಿಡುವ ಊರಲ್ಲಿ ಏನು ನಡೆಯುತ್ತದೆ? ವಿಯೆಟ್ನಾಂನಲ್ಲಿ ವೂ ಸಿನ್ ನಾಮ್ ಮತ್ತು ಆಸ್ಟ್ರೇಲಿಯಾದ ಬ್ರಯಾನ್ ಕೇ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಊರಿನ ಸೊಳ್ಳೆಗಳಲ್ಲಿ ಬಹುಪಾಲು ದೊಡ್ಡ ತೊಟ್ಟಿ, ಬಾನಿಗಳಲ್ಲೇ ಹುಟ್ಟುತ್ತದೆ ಎಂದು ಎಣಿಸಿ ಕಂಡುಕೊಂಡ ಅವರು ಆ ಪಾತ್ರೆಗಳಿಗೆ ಮೆಸೊಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಿನ ಜೀವಿಯನ್ನು ಬಿಟ್ಟರು. ಅದು ಆಗಷ್ಟೇ ಮೊಟ್ಟೆಯೊಡೆದ ಸೊಳ್ಳೆಮರಿಯನ್ನು ತಿನ್ನುತ್ತದೆ. ಒಡಕು ಡಬ್ಬಿ, ತೆಂಗಿನ ಚಿಪ್ಪುಗಳನ್ನು ಊರವರೇ ಆಯ್ದು ತೆಗೆದರು. 2005ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬಹುತೇಕ ಊರುಗಳಲ್ಲಿ ಈಡಿಸ್ ಈಜಿಪ್ಟೈ ಇಲ್ಲವಾಗಿತ್ತು.

ಉತ್ತರ ಕರ್ನಾಟಕದ ಹಿರಿಯರಿಗೆ ಈ ಜೀವಿಯ ಕುಲ ಬೇರೊಂದು ಕಾರಣಕ್ಕೆ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿದ್ದ ನಾರು ಹುಣ್ಣಿನ ಮರಿಹುಳುಗಳನ್ನು ಹೊಟ್ಟೆಗೆ ಸೇರಿಸುತ್ತಿದ್ದುದು ಇದೇ ಜಾತಿಯ ಸೈಕ್ಲಾಪ್ಸ್‌ಗಳು. ಆ ರೋಗಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಮುಚ್ಚಿಸಿ, ಬೋರ್ ಕೊರೆಸಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದನ್ನು ಮನೆಮನೆಗೆ ಕಲಿಸಿ ಅದನ್ನು ನಿಲ್ಲಿಸಲಾಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರು ಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕೊಡದ ಬಾಯಿಗೆ ಕಟ್ಟಿದ್ದ ಹಳೆಯ ಧೋತರದ ತುಂಡು ಬ್ಯಾರಲ್ಲಿನ ಬಾಯಿಗೂ ಆಗುತ್ತದೆ. ಮುಚ್ಚಳ ಸಡಿಲಾಗಿರುತ್ತದೆ, ಅಂಚಿನ ಸಂದಿಯಲ್ಲಿ ಸೊಳ್ಳೆ ನುಸುಳುತ್ತದೆ. ನಾಲ್ಕು ಮೂಲೆಯನ್ನೂ ಬಿಗಿದು ಕಟ್ಟಿದ ದಟ್ಟ ಬಟ್ಟೆ ಅದನ್ನು ತಡೆಯುತ್ತದೆ. ನಳ ಬಂದ ದಿನ, ಹೊಸ ನೀರು ತುಂಬುವ ಮೊದಲು, ಪಾತ್ರೆಯ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕುವುದು ಅಷ್ಟೇ ಮುಖ್ಯ. ಅಂಟಿದ ಮೊಟ್ಟೆ ಬರೀ ತೊಳೆದರೆ ಹೋಗದು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ದನದ ದೋಣಿಗೆ, ಬಳಕೆಯ ನೀರಿನ ಹೌದಕ್ಕೆ ಬಟ್ಟೆ ಕಟ್ಟಲಾಗದು. ಅಲ್ಲಿಗೆ ಗಪ್ಪಿ ಮೀನು. ಬೆಂಗಳೂರಿನ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಘಟಕ ಮೊದಲು ಮಲೇರಿಯಾಕ್ಕೆಂದು ಬಾವಿಗಳಲ್ಲಿ, ಚಿಕುನ್‌ಗುನ್ಯಾ ಬಂದ ಮೇಲೆ ಹಳ್ಳಿಮನೆಗಳ ಒಳಗಿನ ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಟ್ಟು ನೋಡಿತು. ಮರಿಗಳ ಸಂಖ್ಯೆ ಕುಸಿಯಿತು. ತುಮಕೂರು ಜಿಲ್ಲೆಯಲ್ಲಿ 2001ರ ಡಿಸೆಂಬರಿನಲ್ಲಿ ಇದೇ ಸಂಸ್ಥೆ ಮಲೇರಿಯಾ ಕುರಿತು ಕಲಾಜಾಥಾ ನಡೆಸಿ, ಹಾಡು ನಾಟಕ ನೋಡಿದ ಹಳ್ಳಿಗಳನ್ನೂ ನೋಡದ ಹಳ್ಳಿಗಳನ್ನೂ ಹೋಲಿಸಿದಾಗ, ನೋಡಿದವರ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತ್ತು. ನಾಟಕ ಕಂಪನಿಗಳು ಮೆರೆದ, ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮವಿರುವ ಗದಗಿನಲ್ಲಿ ಹಾಡುವವರಿಗೇನೂ ಬರವಿಲ್ಲ. ಮೀನಿನ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಬೇಕು. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಹೊಟ್ಟೆಬಾಕ. ಕೆರೆಗೆ ಇಳಿದರೆ ನಾಟಿ ಮೀನಿನ ಮೊಟ್ಟೆ, ಕಪ್ಪೆಯ ಮರಿಗಳನ್ನೂ ಬಿಡುವುದಿಲ್ಲ. ಹೌದದ ಮೀನು ಹೌದದಲ್ಲೇ ಇರಬೇಕು, ಭೀಷ್ಮ ಕೆರೆಗೂ ಮಾಗಡಿ ಕೆರೆಗೂ ಸುರಿಯುವಂತಿಲ್ಲ.

ಮಾಗಡಿ ಕೆರೆಯ ಮಾತು ಬಂದಾಗ ಬೇರೊಂದು ವೈರಸ್‌ನ ಕಥೆಗೆ ಹೊರಳಬೇಕಾಗುತ್ತದೆ. ಲಕ್ಷ್ಮೇಶ್ವರ-ಶಿರಹಟ್ಟಿ ಸೀಮೆಯ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರ ಜನವರಿಯಲ್ಲಿ ಇದು ರಾಮ್ಸರ್ ಪಟ್ಟಿ ಸೇರಿತು. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಇಲ್ಲಿ ಮೆದುಳು ಜ್ವರ ಎನ್ನುವ ಕಾಯಿಲೆಯ ವೈರಸ್ ನೀರುಹಕ್ಕಿಗಳಲ್ಲಿ ಇರುತ್ತದೆ ಎಂದ ಕೂಡಲೇ ಹೆಬ್ಬಾತಿನ ಮೇಲೆ ಕಣ್ಣು ಕೆಂಪಗೆ ಮಾಡಬೇಕಿಲ್ಲ. ಆ ವೈರಸ್‌ನ ಮುಖ್ಯ ಆಸರೆ ಬೆಳ್ಳಕ್ಕಿ, ಬಕಗಳಂಥ ಹಕ್ಕಿಗಳು; ಅದನ್ನು ಬೇಗ ಹೆಚ್ಚಿಸುವುದು ಹಂದಿ. ಭತ್ತದ ಗದ್ದೆ, ನಿಂತ ಕಾಲುವೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹಂದಿಯಿಂದ ಹಂದಿಗೆ, ಹಕ್ಕಿಯಿಂದ ಹಂದಿಗೆ ಅದನ್ನು ಒಯ್ಯುತ್ತ, ನಡುವೆ ಮಗುವೊಂದನ್ನು ಕಚ್ಚುತ್ತದೆ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ರೋಗ ಉಲ್ಬಣಿಸುತ್ತದೆ. ಉಲ್ಬಣಿಸಿದರೆ ಹತ್ತರಲ್ಲಿ ಮೂವರವರೆಗೆ ಸಾಯುತ್ತಾರೆ, ಉಳಿದವರಲ್ಲಿ ಹಲವರಿಗೆ ಕೈಕಾಲು, ಮಾತು, ಬುದ್ಧಿಯ ಊನ ಜೀವಮಾನವಿಡೀ ಉಳಿಯುತ್ತದೆ.

ಕರ್ನಾಟಕದಲ್ಲಿ ಈ ರೋಗದ ದೊಡ್ಡ ಹೊಡೆತ ಬಿದ್ದದ್ದು ಕೋಲಾರಕ್ಕೆ, 1970ರ ದಶಕದ ಕೊನೆಯಲ್ಲಿ. ಅಲ್ಲಿನ ರೋಗಿಯೊಬ್ಬರಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬೇರ್ಪಡಿಸಿದ ವೈರಸ್ ತಳಿಯಿಂದಲೇ ಮುಂದೆ, 2013ರಲ್ಲಿ, ಜೆನ್‌ವ್ಯಾಕ್ ಎಂಬ ಲಸಿಕೆ ಬಂತು. ಮುಂಡರಗಿಯಿಂದ ಹೊಳೆ ದಾಟಿದರೆ ಸಿಗುವ ಹೂವಿನಹಡಗಲಿ 2006ರಲ್ಲಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಮಕ್ಕಳಿಗೆ, ಜೆನ್‌ವ್ಯಾಕ್ ಬರುವ ಮೊದಲೇ, ಮೆದುಳು ಜ್ವರದ ಬೇರೊಂದು ಲಸಿಕೆ ಸಿಕ್ಕಿದ್ದು ಆ ವರ್ಷ. ಹೊಳೆಯ ಈಚೆಯ ದಡದ ಗದಗ ಜಿಲ್ಲೆಗೆ ಮೆದುಳು ಜ್ವರದ ಲಸಿಕೆ ಬಂದದ್ದು 2022ರ ಡಿಸೆಂಬರಿನಲ್ಲಿ, ಹಾವೇರಿ, ಬಾಗಲಕೋಟೆ ಮೊದಲಾದ ಹತ್ತು ಜಿಲ್ಲೆಗಳ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆಂದು ನಡೆದ ಅಭಿಯಾನದಲ್ಲಿ. ಬೆಳ್ಳಕ್ಕಿಗೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ. ಹದಿನಾರು ವರ್ಷ ಅದು ಎರಡೂ ದಡದಲ್ಲಿ ಹಾರಾಡಿಕೊಂಡೇ ಇತ್ತು.

ಲಸಿಕೆ ಮಗುವನ್ನು ಕಾಯುತ್ತದೆ, ಹಂದಿ-ಹಕ್ಕಿಗಳ ನಡುವಿನ ಸುತ್ತಾಟವನ್ನು ನಿಲ್ಲಿಸುವುದಿಲ್ಲ. ಅದರ ಮೇಲೆ ಕಣ್ಣಿಡುವ ಕೆಲಸ ಪಶುವೈದ್ಯರದು, ಅರಣ್ಯ ಇಲಾಖೆಯದು. ಗದಗ-ಬೆಟಗೇರಿಯಲ್ಲಿ ಬೀದಿ ಹಂದಿಗಳ ಹಾವಳಿ ಎಂಬುದು ಪತ್ರಿಕೆಗಳಿಗೆ ಮೇಲಿಂದ ಮೇಲೆ ಬರುವ ದೂರು. ಅದನ್ನು ಊರಿನ ಅಂದಗೇಡಿನ ಪ್ರಶ್ನೆಯಾಗಿ ಮಾತ್ರ ನೋಡಲಾಗುತ್ತಿದೆ. ಸಿಂಗಟಾಲೂರು ಏತ ನೀರಾವರಿಯ ಕಾಲುವೆಗಳು ಒಣ ಹೊಲಗಳಿಗೆ ನೀರು ತರುತ್ತಿರುವುದು ಈ ಸೀಮೆ ತಲೆಮಾರುಗಳಿಂದ ಕಾದ ಭಾಗ್ಯ. ಆದರೆ ಹೊಸ ನೀರು ನಿಂತ ಕಡೆ ಯಾವ ಸೊಳ್ಳೆ ಹೆಚ್ಚಾಯಿತು ಎಂದು ವರ್ಷಕ್ಕೆರಡು ಸಲ ನೋಡುವುದು ಆ ಭಾಗ್ಯಕ್ಕೆ ತೆರಬೇಕಾದ ಸಣ್ಣ ಬೆಲೆ.

ಪ್ರಾಣಿಗಳು ಮೊದಲೇ ಸುಳಿವು ಕೊಡುತ್ತವೆ ಎಂಬುದು ಕನ್ನಡಿಗರಿಗೆ ಹೊಸ ಪಾಠವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗಲೇ ಉಣ್ಣೆಯಿಂದ ಹರಡುವ ಹೊಸ ರೋಗ ಪತ್ತೆಯಾದದ್ದು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆ ಓಡುತ್ತದೆ. ನ್ಯೂಯಾರ್ಕಿನಲ್ಲಿ 1999ರ ಬೇಸಿಗೆಯಲ್ಲಿ ಕಾಗೆಗಳು ಸಾಯತೊಡಗಿದವು. ಬ್ರಾಂಕ್ಸ್ ಮೃಗಾಲಯದ ರೋಗತಜ್ಞೆ ಟ್ರೇಸಿ ಮೆಕ್‌ನಮಾರಾ ಹಕ್ಕಿಗಳ ಸಾವಿಗೂ ಆಸ್ಪತ್ರೆ ಸೇರಿದ ಜನರ ಜ್ವರಕ್ಕೂ ನಂಟಿದೆ ಎಂದು ಹಟ ಹಿಡಿದರು. ದೊಡ್ಡ ಪ್ರಯೋಗಾಲಯಗಳು ಮೊದಲು ಬೇರೆ ವೈರಸ್ಸಿನ ಹೆಸರು ಹೇಳಿದ್ದವು. ಕೊನೆಗೆ ಅದು ಅಮೆರಿಕ ಅದುವರೆಗೆ ಕಂಡಿರದ ವೆಸ್ಟ್ ನೈಲ್ ವೈರಸ್ ಎಂದು ಸಾಬೀತಾಯಿತು.

ಸೊಳ್ಳೆಯನ್ನೇ ಹಿಡಿದು ಪರೀಕ್ಷಿಸಿದರೆ ಇನ್ನೂ ಮೊದಲೇ ಸುಳಿವು ಸಿಗುತ್ತದೆ. ಬಲೆ, ಹೀರು ಕೊಳವೆಗಳಿಂದ ಹಿಡಿದ ಸೊಳ್ಳೆಗಳನ್ನು ಜಾತಿವಾರು ಗುಂಪು ಮಾಡಿ, ಅರೆದು, ಕೋವಿಡ್ ಕಾಲದಿಂದ ಎಲ್ಲರ ಬಾಯಲ್ಲಿರುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಒಡ್ಡುತ್ತಾರೆ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಗುವೊಂದರಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ದೃಢಪಟ್ಟಿತ್ತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಕ್ರಮ ತಿರುಗುಮುರುಗಾಯಿತು: ರೋಗಿ ಸಿಗುವ ಮೊದಲೇ ಸೊಳ್ಳೆಯಲ್ಲಿ ಝೀಕಾ ವೈರಸ್ ಸಿಕ್ಕಿತು. ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ಬಸುರಿಯರ, ಜ್ವರ ಬಂದವರ ರಕ್ತದ ಮಾದರಿ ತೆಗೆದರು. ಬಸುರಿಯರನ್ನೇ ಮೊದಲು ನೋಡಿದ್ದೇಕೆಂದರೆ ಝೀಕಾ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿಸಬಲ್ಲದು. ಇಷ್ಟು ಒಳ್ಳೆಯ ಕೆಲಸದಲ್ಲೂ ಒಂದು ಹುಳುಕು ಇತ್ತು. ಸೊಳ್ಳೆ ಹಿಡಿದದ್ದು ಆಗಸ್ಟಿನಲ್ಲಿ, ವರದಿ ಕೈಸೇರಿದ್ದು ಅಕ್ಟೋಬರ್ ಕೊನೆಗೆ. ಎರಡರಿಂದ ನಾಲ್ಕು ವಾರ ಬದುಕುವ ಸೊಳ್ಳೆಯ ಸುದ್ದಿಗೆ ಎರಡು ತಿಂಗಳು ಕಾಯುವುದೆಂದರೆ ಹಲವು ತಲೆಮಾರು ಹಿಂದಿನ ಸಮಾಚಾರ ಓದಿದಂತೆ.

ಹೊಸ ದಾರಿಗಳೂ ತೆರೆಯುತ್ತಿವೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಈಡಿಸ್ ಸೊಳ್ಳೆಗಳನ್ನೇ ಬಿಟ್ಟು ನೋಡಿದಾಗ ಡೆಂಗಿ ಶೇಕಡಾ 77ರಷ್ಟು ಇಳಿಯಿತು. ಆ ಬ್ಯಾಕ್ಟೀರಿಯಾ ಇರುವ ಸೊಳ್ಳೆಯ ಮೈಯಲ್ಲಿ ವೈರಸ್ ಚೆನ್ನಾಗಿ ಬೆಳೆಯುವುದಿಲ್ಲ. ಪುದುಚೇರಿಯ ಐಸಿಎಂಆರ್ ಕೇಂದ್ರ ಭಾರತದ ಸೊಳ್ಳೆಗಳಲ್ಲೂ ಇಂಥ ತಳಿ ಸಿದ್ಧಪಡಿಸಿದೆ. ದೇಶದ್ದೇ ಆದ ಡೆಂಗಿ ಲಸಿಕೆ ಡೆಂಗಿಆಲ್‌ನ ಮೂರನೇ ಹಂತದ ಪ್ರಯೋಗ 2024ರ ಆಗಸ್ಟಿನಲ್ಲಿ ಆರಂಭವಾಯಿತು. ಅದು ಗೆದ್ದರೂ ಚಿಕುನ್‌ಗುನ್ಯಾ, ಝೀಕಾಗಳಿಗೆ ಅದರಿಂದ ತಡೆಯಿಲ್ಲ.

ಗದಗಿಗೆ ಹತ್ತಿರದ ಪಾಠ ಹುಬ್ಬಳ್ಳಿ-ಧಾರವಾಡದಲ್ಲಿದೆ. ಅಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಹರಿಸಿ ತೋರಿಸಲಾಗಿದೆ. ಗದಗ-ಬೆಟಗೇರಿಗೂ ಅಂಥದೇ ಯೋಜನೆ ಬಂದು, ರಸ್ತೆ ಅಗೆದು, ಮೀಟರು ಕೂಡಿಸಿ, ವರ್ಷಗಳೇ ಉರುಳಿದವು. ನಿರಂತರ ನೀರು ದೂರದ ಮಾತಾದರೂ ಅಂತರವನ್ನು ಆರು ದಿನಕ್ಕೆ ಇಳಿಸುವುದು, ಬಿಡುವ ದಿನವನ್ನು ಮುಂಚೆಯೇ ಓಣಿಗೆ ತಿಳಿಸಿ ಆ ಮಾತು ಉಳಿಸಿಕೊಳ್ಳುವುದು ಆಗದ ಕೆಲಸವೇನಲ್ಲ. ನಾಡಿದ್ದು ನಳ ಖಂಡಿತ ಬರುತ್ತದೆ ಎಂಬ ಭರವಸೆ ಇದ್ದರೆ ಮನೆಯಾಕೆ ತಳದ ನೀರು ಚೆಲ್ಲಿ ಬ್ಯಾರಲ್ಲು ತಿಕ್ಕುತ್ತಾಳೆ. ಬಂದರೆ ಬಂತು ಎಂಬ ನಳವಾದರೆ ಹಳೆಯ ನೀರಿನ ಮೇಲೆಯೇ ಹೊಸ ನೀರು ಬೀಳುತ್ತದೆ, ಗೋಡೆಯ ಮೊಟ್ಟೆಗಳು ಮುಳುಗುತ್ತವೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬನ ಸಾಲಕ್ಕೆ ಊರೇ ಹೊಣೆ ನಿಲ್ಲುವ ಆ ಏರ್ಪಾಡು ಈ ಸೀಮೆಗೆ ಹೊಸದಲ್ಲ. ಸೊಳ್ಳೆಯ ವಿಷಯದಲ್ಲೂ ಅಂಥ ಒಟ್ಟು ಹೊಣೆ ಸಾಧ್ಯ. ಈಡಿಸ್ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ಆಚೆ ಹಾರುವುದಿಲ್ಲ. ಅಂದರೆ ಒಂದು ಓಣಿಯ ಸೊಳ್ಳೆ ಬಹುತೇಕ ಆ ಓಣಿಯದೇ, ಅದರ ಲೆಕ್ಕವನ್ನೂ ಓಣಿಯಲ್ಲೇ ಇಡಬಹುದು. ಡೆಂಗಿ ರೋಗಿಯನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ರೋಗ ಕೊಡುವಂತಾಗಲು ಎಂಟರಿಂದ ಹನ್ನೆರಡು ದಿನ ಬೇಕು. ಮೊದಲ ರೋಗಿಯ ಸುದ್ದಿ ಮೂರು ದಿನದಲ್ಲಿ ವಾರ್ಡಿಗೆ ಮುಟ್ಟಿದರೆ ಸುತ್ತಲಿನ ಮನೆಗಳ ಪಾತ್ರೆ ನೋಡಲು, ಆ ಒಂದು ಕಡೆ ಮಾತ್ರ ಹೊಗೆ ಹಾಕಲು ಐದಾರು ದಿನ ಕೈಯಲ್ಲಿರುತ್ತದೆ. ಖಾಸಗಿ ದವಾಖಾನೆಯ ವರದಿ ಹತ್ತು ದಿನ ತಡವಾಗಿ ಬಂದರೆ ಆ ಅವಕಾಶ ಇಲ್ಲ.

ಸದ್ಯಕ್ಕೆ ಲಾರ್ವಾ ಸರ್ವೆಯ ರಿಜಿಸ್ಟರು ಆರೋಗ್ಯ ಇಲಾಖೆಯಲ್ಲಿದೆ, ಯಾವ ವಾರ್ಡಿಗೆ ಯಾವತ್ತು ನೀರು ಬಿಟ್ಟರು ಎಂಬ ಪಟ್ಟಿ ನಗರಸಭೆಯ ನೀರು ಸರಬರಾಜು ವಿಭಾಗದಲ್ಲಿದೆ. ಗದಗ-ಬೆಟಗೇರಿಯ ವಾರ್ಡುಗಳಿಗೆ ಒಂದು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ತಲಾ ಒಂದು, ಹೀಗೆ ನಾಲ್ಕು ಹಾಳೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಬರೆಯಲು ದೊಡ್ಡ ಖರ್ಚಿಲ್ಲ. ಆ ಕೆಲಸ ಏಪ್ರಿಲ್‌ನಲ್ಲೇ ಆಗಬೇಕು. ಹೊಳೆ ಇಳಿದು ನಳದ ಅಂತರ ಹೆಚ್ಚುವುದು, ಕೂಲರಿನ ತೊಟ್ಟಿಗಳಿಗೂ ನೀರು ಬೀಳುವುದು ಆಗ. ಜೂನ್‌ನಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಹೌದದ ಗೋಡೆಗಳ ಮೇಲೆ ಮೊಟ್ಟೆಗಳು ಆಗಲೇ ಕಾದಿರುತ್ತವೆ.